ಸೊಪ್ಪಿನ ಮಡಿಗೆ ಎಸ್‌ಟಿಪಿ ಗೊಬ್ಬರ ಹಾಕಬಹುದಾ? ಯಾವ ಗೊಬ್ಬರ ಯಾರಿಗೆ ಸರಿ

ಬೆಂಗಳೂರಿನ ಸುತ್ತ ಸೊಪ್ಪು ಬೆಳೆಯುವವರಿಗೆ ಈಗ ಗೊಬ್ಬರದ್ದೇ ಚಿಂತೆ. ಮನೆಯಲ್ಲಿ ದನ ಕಡಿಮೆಯಾಗಿವೆ. ಕೊಟ್ಟಿಗೆ ಗೊಬ್ಬರದ ಟ್ರಾಕ್ಟರ್ ಲೋಡಿಗೆ ರೇಟು ಏರುತ್ತಲೇ ಇದೆ. ಅದೇ ಹೊತ್ತಿಗೆ ಪಕ್ಕದ ಅಪಾರ್ಟ್‌ಮೆಂಟಿನವರು "ನಮ್ಮ ಎಸ್‌ಟಿಪಿ ಸ್ಲಡ್ಜ್ ಒಣಗಿದೆ, ಪುಕ್ಕಟೆ ತಗೊಂಡು ಹೋಗಿ" ಅನ್ನುತ್ತಾರೆ. ಎಸ್‌ಟಿಪಿ ಅಂದರೆ ಚರಂಡಿ ನೀರು ಶುದ್ಧ ಮಾಡುವ ಘಟಕ, ಸ್ಲಡ್ಜ್ ಅಂದರೆ ಅಲ್ಲಿ ಉಳಿಯುವ ಕೆಸರು. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಹನಿಸಕ್ಕರ್ ಗಾಡಿಯವರು ಬಂದು "ಅಣ್ಣಾ, ನಿಮ್ಮ ಹೊಲದಲ್ಲಿ ಒಂದು ಲೋಡ್ ಬಿಡ್ಲಾ?" ಅಂತ ಕೇಳುತ್ತಾರೆ. ಹಾಕಿದ ಕಡೆ ಬೆಳೆ ಕಪ್ಪುಹಸಿರಾಗಿ ಎದ್ದು ನಿಲ್ಲುತ್ತೆ ಅನ್ನೋದೂ ಸುಳ್ಳಲ್ಲ. ಹಾಗಾಗಿ ಹಲವರು ಕೇಳುತ್ತಿರುವ ಪ್ರಶ್ನೆ ಒಂದೇ: ಸೊಪ್ಪಿಗೆ ಹಾಕಬಹುದಾ, ಬೇಡವಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಚರಂಡಿ ಸ್ಲಡ್ಜಿನಲ್ಲಿ ಸತ್ವ ಇದೆ, ಅದನ್ನು ಕೆರೆಗೆ, ರಾಜಕಾಲುವೆಗೆ ಸುರಿಯುವುದಕ್ಕಿಂತ ಮಣ್ಣಿಗೆ ಸೇರಿಸುವುದು ಎಷ್ಟೋ ಮೇಲು. ಆದರೆ ಅದಕ್ಕೆ ಹೊಂದುವ ಬೆಳೆಗಳು ಬೇರೆ ಇವೆ. ಸೊಪ್ಪು ಮಾತ್ರ ಆ ಪಟ್ಟಿಯ ಕಟ್ಟಕಡೆಯಲ್ಲಿ ಬರುತ್ತದೆ. ಯಾಕೆ ಅಂತ ನೋಡೋಣ. ನಿಮ್ಮ ಜಮೀನು, ನಿಮ್ಮ ಜೇಬು ನೋಡಿಕೊಂಡು ತೀರ್ಮಾನ ನೀವೇ ಮಾಡಿ.

ಏನನ್ನು ನೋಡಿ ಅಳೆಯಬೇಕು

ಮೊದಲನೆಯದು ರೋಗಾಣು. ಮನುಷ್ಯರ ಮಲದಲ್ಲಿ ಇ. ಕೋಲಿ, ಸಾಲ್ಮೊನೆಲ್ಲಾ, ಜಂತುಹುಳುವಿನ ಮೊಟ್ಟೆ ಎಲ್ಲವೂ ಇರಬಹುದು. ಬ್ಯಾಕ್ಟೀರಿಯಾ ಒಣಗಿದರೆ, ಬಿಸಿಲು ಬಿದ್ದರೆ ಕ್ರಮೇಣ ಕಡಿಮೆಯಾಗುತ್ತವೆ. ಜಂತುಹುಳುವಿನ ಮೊಟ್ಟೆ ಹಾಗಲ್ಲ, ಅದರ ಚಿಪ್ಪು ಗಟ್ಟಿ, ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರುತ್ತೆ. ಅದನ್ನು ಕೊಲ್ಲಲು ಬಿಸಿ ಬೇಕು, ಇಲ್ಲವೇ ತುಂಬಾ ದಿನ ಬೇಕು.

ಎರಡನೆಯದು ಭಾರಲೋಹ: ಕ್ಯಾಡ್ಮಿಯಂ, ಸೀಸ, ನಿಕ್ಕಲ್, ಕ್ರೋಮಿಯಂ. ಇವು ಕೊಳೆಯುವುದಿಲ್ಲ, ಸುಟ್ಟರೂ ಹೋಗುವುದಿಲ್ಲ. ಒಮ್ಮೆ ಹೊಲಕ್ಕೆ ಬಿದ್ದರೆ ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತವೆ. ಅದರಲ್ಲೂ ಕ್ಯಾಡ್ಮಿಯಂ ಸುಲಭವಾಗಿ ಬೇರಿನಿಂದ ಎಲೆಗೆ ಏರುತ್ತದೆ. ಪಾಲಕ್, ದಂಟು, ಲೆಟ್ಯೂಸ್ ಜಾತಿಯವು ಕಾಳು, ಹಣ್ಣಿನ ಬೆಳೆಗಳಿಗಿಂತ ಜಾಸ್ತಿ ಹೀರುತ್ತವೆ. ನಾವು ತಿನ್ನುವುದು ಆ ಎಲೆಯನ್ನೇ ಅಲ್ವಾ.

ಮೂರನೆಯದು ಕಾಯುವ ಕಾಲ. ಗೊಬ್ಬರ ಹಾಕಿ ಎಷ್ಟು ದಿನದ ಮೇಲೆ ಕೊಯ್ಲು? ಇದನ್ನು ಯಾರೂ ಕೇಳುವುದಿಲ್ಲ, ಆದರೆ ಸೊಪ್ಪಿನ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ.

ಆಮೇಲೆ ಸತ್ವ, ಖರ್ಚು, ಮಾರಾಟ. ಪುಕ್ಕಟೆ ಅಂದದ್ದು ನಿಜವಾಗಿ ಎಷ್ಟಕ್ಕೆ ಬೀಳುತ್ತೆ? ಕೊಂಡುಕೊಳ್ಳುವವರು "ಏನು ಗೊಬ್ಬರ ಹಾಕಿದ್ದೀರಿ" ಅಂತ ಕೇಳಿದರೆ ಧೈರ್ಯವಾಗಿ ಹೇಳಬಹುದಾ?

ಹನಿಸಕ್ಕರ್ ಲೋಡ್: ಸೊಪ್ಪಿಗೆ ಬೇಡವೇ ಬೇಡ

ಮನೆಗಳ ಶೌಚದ ಪಿಟ್ಟಿನಿಂದ, ಸೆಪ್ಟಿಕ್ ಟ್ಯಾಂಕಿನಿಂದ ಎಳೆದು ತಂದದ್ದು ಇದು. ಹಣ ಕೊಡುವವರು ಮನೆಯವರು, ರೈತರಿಗೆ ಸಾಮಾನ್ಯವಾಗಿ ಪುಕ್ಕಟೆ ಅಥವಾ ಜುಜುಬಿ ದುಡ್ಡು. ಮನೆಯ ಕೊಳೆ ಮಾತ್ರ ಆಗಿದ್ದರೆ ಲೋಹದ ಭಯ ಕಡಿಮೆ. ಆದರೆ ರೋಗಾಣು ತುಂಬಿ ತುಳುಕುತ್ತಿರುತ್ತವೆ, ಯಾಕೆಂದರೆ ಟ್ಯಾಂಕಿನ ಮೇಲ್ಪದರ ನಿನ್ನೆ ಮೊನ್ನೆಯದು.

ಸೊಪ್ಪಿನ ಮಡಿಗೆ ಇದನ್ನು ಬಿಟ್ಟರೆ ಏನಾಗುತ್ತೆ ಅಂತ ಸ್ವಲ್ಪ ಹತ್ತಿರದಿಂದ ನೋಡಿ. ಕೊತ್ತಂಬರಿ, ಮೆಂತ್ಯ, ಹರಿವೆಯನ್ನು ನಾವು ಕೊಯ್ಯುವುದಿಲ್ಲ, ಬೇರು ಸಮೇತ ಕೀಳುತ್ತೇವೆ. ಬೇರಿಗೆ ಅಂಟಿದ ಮಣ್ಣನ್ನು ಹೊಲದ ಬದಿಯ ತೊಟ್ಟಿಯಲ್ಲಿ ಅದ್ದಿ ಜಾಲಾಡಿಸುತ್ತೇವೆ. ಎಲ್ಲ ಕಟ್ಟುಗಳೂ ಅದೇ ನೀರಿನಲ್ಲಿ. ಒಂದು ಮಡಿಯ ಕೊಳೆ ಅಷ್ಟೂ ಕಟ್ಟುಗಳಿಗೆ ಹಂಚಿಹೋಯಿತು. ಮಳೆ ಬಂದರೂ ಅಷ್ಟೇ, ಹನಿ ಬಿದ್ದ ರಭಸಕ್ಕೆ ಮಣ್ಣು ಸಿಡಿದು ಎಲೆಯ ಅಡಿಗೆ ಕೂರುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ಆ ಕೊತ್ತಂಬರಿ ಕೋಸಂಬರಿಗೆ ಹಸಿಯಾಗಿಯೇ ಬೀಳುತ್ತದೆ.

ಬಾಳೆ, ತೆಂಗಿನ ತೋಟದವರಿಗೆ ಲೆಕ್ಕ ಬೇರೆ. ಗುಂಡಿ ತೋಡಿ, ಅದರಲ್ಲಿ ಬಿಟ್ಟು, ಮಣ್ಣು ಮುಚ್ಚಿ, ತಿಂಗಳುಗಟ್ಟಲೆ ಒಣಗಲು ಬಿಟ್ಟು ಆಮೇಲೆ ಬುಡಕ್ಕೆ ಹಾಕುವ ರೂಢಿ ಬೆಂಗಳೂರಿನ ಸುತ್ತ ಇದೆ. ನಮ್ಮಂಥ ಬೆಚ್ಚಗಿನ ಸೀಮೆಯಲ್ಲಿ ಮಲವನ್ನು ಸುಮ್ನೆ ಇಟ್ಟು ಸುರಕ್ಷಿತ ಮಾಡಬೇಕಾದರೆ ಒಂದು ವರ್ಷಕ್ಕಿಂತ ಜಾಸ್ತಿ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ. ನಡುವೆ ಹೊಸ ಲೋಡ್ ಸೇರಿಸಿದರೆ ವರ್ಷದ ಲೆಕ್ಕ ಮತ್ತೆ ಮೊದಲಿನಿಂದ. ಬಾವಿ, ಬೋರ್‌ವೆಲ್ ಹತ್ತಿರ ಗುಂಡಿ ಬೇಡ. ಕೆಲಸದವರಿಗೆ ಗಂಬೂಟು, ಗ್ಲೌಸ್ ಕೊಡಿ, ಯಾರನ್ನೂ ಗುಂಡಿಗೆ ಇಳಿಸಬೇಡಿ. ಒಳಗಿನ ಗ್ಯಾಸು ಜೀವ ತೆಗೆಯುತ್ತದೆ.

ಎಸ್‌ಟಿಪಿ ಸ್ಲಡ್ಜ್: ಎರಡು ಬಗೆ, ಎರಡು ಬೇರೆ ಅಪಾಯ

ಇಲ್ಲಿ ಜನ ಎಡವುವುದು ಜಾಸ್ತಿ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಅಪಾರ್ಟ್‌ಮೆಂಟಿನ ಎಸ್‌ಟಿಪಿಗೆ ಬರುವುದು ಬರೀ ಮನೆ ನೀರು. ಲೋಹ ಕಡಿಮೆ. ಆದರೆ ನೀರು ಹಿಂಡುವ ಫಿಲ್ಟರ್ ಪ್ರೆಸ್ಸಿನಿಂದ ಹೊರಬಿದ್ದ ಸ್ಲಡ್ಜ್ ಬಿಲ್ಲೆಯನ್ನು ನಾಲ್ಕು ದಿನ ಬಿಸಿಲಿಗೆ ಹಾಕಿ "ಒಣಗಿದೆ, ವಾಸನೆ ಇಲ್ಲ, ಗೊಬ್ಬರ ಆಯಿತು" ಅನ್ನುವುದು ತಪ್ಪು. ವಾಸನೆ ಹೋಗುವುದಕ್ಕೂ ರೋಗಾಣು ಸಾಯುವುದಕ್ಕೂ ಸಂಬಂಧವೇ ಇಲ್ಲ.

ನಗರದ ದೊಡ್ಡ ಎಸ್‌ಟಿಪಿಯಲ್ಲಿ ಅನೇಕ ಸಲ ಸ್ಲಡ್ಜನ್ನು ದಿನಗಟ್ಟಲೆ ಕೊಳೆಸಿರುತ್ತಾರೆ, ಹಾಗಾಗಿ ರೋಗಾಣು ಸ್ವಲ್ಪ ತಗ್ಗಿರುತ್ತವೆ. ಆದರೆ ಯುಜಿಡಿ (ಒಳಚರಂಡಿ) ಪೈಪಿಗೆ ಮನೆ ನೀರಿನ ಜೊತೆ ಏನೇನು ಸೇರುತ್ತದೆ ಅಂತ ಹೇಳುವವರು ಯಾರು? ಎಲೆಕ್ಟ್ರೋಪ್ಲೇಟಿಂಗ್ ಅಂಗಡಿ, ಗ್ಯಾರೇಜು, ಬಣ್ಣದ ಘಟಕ ಇರುವ ಏರಿಯಾದ ನೀರು ಒಂದು ಥರ, ಬರೀ ವಸತಿ ಬಡಾವಣೆಯ ನೀರು ಇನ್ನೊಂದು ಥರ. ವೃಷಭಾವತಿ ಕಣಿವೆಯ ಕಥೆ ನಿಮಗೆಲ್ಲ ಗೊತ್ತು. ಪೀಣ್ಯ ಕಡೆಯ ಕಾರ್ಖಾನೆ ನೀರು, ಊರಿನ ಕೊಳಚೆ ಎರಡನ್ನೂ ಹೊತ್ತು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುವ ನೀರು ಅದು. ಆ ಭಾಗದ ಮಣ್ಣು, ತರಕಾರಿಯಲ್ಲಿ ಭಾರಲೋಹ ಕಂಡಿದೆ ಅಂತ ಸಂಶೋಧಕರು ಹೇಳುತ್ತಲೇ ಬಂದಿದ್ದಾರೆ.

ಅಂದರೆ ಮನೆ ಸ್ಲಡ್ಜಿನಲ್ಲಿ ರೋಗಾಣು ಜಾಸ್ತಿ, ನಗರದ್ದರಲ್ಲಿ ಲೋಹದ ಭಯ ಜಾಸ್ತಿ. ಎರಡರಲ್ಲಿ ಒಂದನ್ನು ಆರಿಸಲೇಬೇಕು ಅಂದರೆ ನಾನು ಮನೆಯದ್ದನ್ನೇ ಆರಿಸುತ್ತೇನೆ. ರೋಗಾಣುವನ್ನು ಬಿಸಿ ಮತ್ತು ಕಾಲ ಕೊಲ್ಲುತ್ತವೆ. ಲೋಹಕ್ಕೆ ಅಂಥ ಮದ್ದಿಲ್ಲ.

ಲೋಹ ಹೇಗೆ ಕೂಡಿಕೊಳ್ಳುತ್ತೆ, ಒಂದು ಲೆಕ್ಕ ಹಾಕಿ ನೋಡಿ. ಕೆಜಿಗೆ 5 ಮಿಲಿಗ್ರಾಂ ಕ್ಯಾಡ್ಮಿಯಂ ಇರುವ ಒಣ ಸ್ಲಡ್ಜನ್ನು ಎಕರೆಗೆ 10 ಟನ್ ಹಾಕಿದರೆ 50 ಗ್ರಾಂ ಕ್ಯಾಡ್ಮಿಯಂ ಹೊಲಕ್ಕೆ ಹೋಯಿತು. ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 900 ಟನ್ ತೂಗುತ್ತದೆ. ಒಂದು ಸಲಕ್ಕೆ ಕೆಜಿ ಮಣ್ಣಿಗೆ 0.05 ಮಿಲಿಗ್ರಾಂ ಚಿಲ್ಲರೆ ಅಷ್ಟೇ, ಏನೂ ಅನ್ನಿಸುವುದಿಲ್ಲ. ಆದರೆ ವರ್ಷಕ್ಕೆ ಎರಡು ಸಲದಂತೆ ಐದು ವರ್ಷ ಹಾಕಿದರೆ ಅದು ಅರ್ಧ ಮಿಲಿಗ್ರಾಂ ದಾಟುತ್ತದೆ. ಸಾಮಾನ್ಯ ಮಣ್ಣಿನಲ್ಲಿ ಹುಟ್ಟಾ ಇರುವ ಕ್ಯಾಡ್ಮಿಯಂ ಬಹಳ ಕಡೆ ಅಷ್ಟೂ ಇರುವುದಿಲ್ಲ. ಮಣ್ಣು ಹುಳಿಯಾಗಿದ್ದರೆ, ಅಂದರೆ ಪಿಎಚ್ 6ಕ್ಕಿಂತ ಕೆಳಗಿದ್ದರೆ, ಗಿಡ ಅದನ್ನು ಇನ್ನೂ ಜಾಸ್ತಿ ಎಳೆದುಕೊಳ್ಳುತ್ತದೆ. ನಮ್ಮ ಕೆಂಪು ಮಣ್ಣು ಹಲವು ಕಡೆ ಹುಳಿಯೇ. ಸುಣ್ಣ ಹಾಕಿದರೆ ಎಳೆಯುವುದು ತಗ್ಗುತ್ತದೆ, ಲೋಹ ಮಾತ್ರ ಹೊರಗೆ ಹೋಗುವುದಿಲ್ಲ.

ಈಗ ಕಾಯುವ ಕಾಲ. ಅಮೆರಿಕದ ಪರಿಸರ ಇಲಾಖೆ 1993ರಲ್ಲಿ ಮಾಡಿದ ನಿಯಮದಲ್ಲಿ ಸ್ಲಡ್ಜನ್ನು ಎ, ಬಿ ಅಂತ ಎರಡು ದರ್ಜೆ ಮಾಡಿದ್ದಾರೆ. ರೋಗಾಣು ಪೂರ್ತಿ ತಗ್ಗಿಸದ ಬಿ ದರ್ಜೆಯದನ್ನು ಹಾಕಿದರೆ, ಮಣ್ಣಿಗೆ ತಾಗುವಂಥ ಸೊಪ್ಪು ತರಕಾರಿಯನ್ನು 14 ತಿಂಗಳು ಕೊಯ್ಯುವಂತಿಲ್ಲ. ಯುರೋಪಿನ 1986ರ ನಿಯಮದಲ್ಲಿ ಹಸಿಯಾಗಿ ತಿನ್ನುವ, ಮಣ್ಣಿಗೆ ತಾಗುವ ಬೆಳೆಗೆ 10 ತಿಂಗಳು. ಸ್ವಿಟ್ಜರ್ಲೆಂಡ್ 2006ರಲ್ಲಿ ಸ್ಲಡ್ಜನ್ನು ಗೊಬ್ಬರವಾಗಿ ಬಳಸುವುದನ್ನೇ ನಿಷೇಧಿಸಿತು. ಅಮೆರಿಕದ ಮೇಯ್ನ್ ರಾಜ್ಯವೂ 2022ರಲ್ಲಿ ನಿಲ್ಲಿಸಿತು, ಅಲ್ಲಿ ಪಿಎಫ್‌ಎಎಸ್ ಅನ್ನುವ, ಕೊಳೆಯದೆ ಹಾಗೇ ಉಳಿಯುವ ರಾಸಾಯನಿಕ ಹೊಲ, ಬಾವಿಗಳಲ್ಲಿ ಸಿಕ್ಕಿತ್ತು.

ನಮ್ಮ ಹರಿವೆ 25–30 ದಿನಕ್ಕೆ ಕೀಳಲು ಬರುತ್ತದೆ. ಕೊತ್ತಂಬರಿ 40 ದಿನ. 14 ತಿಂಗಳು ಅಂದರೆ ಹತ್ತು ಬೆಳೆ ಬಿಟ್ಟ ಹಾಗೆ! ಸೊಪ್ಪನ್ನೇ ನಂಬಿದವರು ಹಾಗೆ ಕಾಯಲು ಸಾಧ್ಯವೇ ಇಲ್ಲ, ಕಾಯದೆ ಹಾಕಿದರೆ ನಿಯಮದ ಉದ್ದೇಶವೇ ಹೋಯಿತು. ಹಸಿ ಸ್ಲಡ್ಜ್ ಸೊಪ್ಪಿಗೆ ಹೊಂದುವುದಿಲ್ಲ ಅಂತ ನಾನು ಹೇಳುವುದಕ್ಕೆ ಮುಖ್ಯ ಕಾರಣ ಇದು.

ಪುಕ್ಕಟೆ ಅನ್ನುವುದನ್ನೂ ಒಮ್ಮೆ ತೂಗಿ ನೋಡಿ. ಪ್ರೆಸ್ಸಿನಿಂದ ಬಂದ ಬಿಲ್ಲೆಯಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೀರೇ. ಒಣ ಸ್ಲಡ್ಜಿನಲ್ಲಿ ಸಾರಜನಕ ಶೇ. 3ರ ಆಸುಪಾಸು ಅಂತ ಇಟ್ಟುಕೊಂಡರೂ, ಒಂದು ಟನ್ ಹಸಿ ಬಿಲ್ಲೆ ತಂದರೆ ಸಿಗುವುದು 6–7 ಕೆಜಿ ಸಾರಜನಕ. ಅದೂ ಒಂದೇ ಬೆಳೆಗೆ ಪೂರ್ತಿ ಸಿಗುವುದಿಲ್ಲ, ನಿಧಾನವಾಗಿ ಬಿಡುತ್ತದೆ. ರಂಜಕ ಚೆನ್ನಾಗಿದೆ. ಪೊಟ್ಯಾಷ್ ತೀರಾ ಕಡಿಮೆ, ಯಾಕೆಂದರೆ ಅದು ನೀರಿನಲ್ಲಿ ಕರಗಿ ಮೊದಲೇ ಹೊರಟುಹೋಗಿರುತ್ತದೆ. ಟ್ರಾಕ್ಟರ್ ಬಾಡಿಗೆ, ಡೀಸೆಲ್, ಕೂಲಿ ಕೊಟ್ಟು ನೀವು ಹೊತ್ತು ತಂದದ್ದು ಬಹುಪಾಲು ನೀರು.

ಕೋ-ಕಾಂಪೋಸ್ಟ್: ಸ್ಲಡ್ಜ್ ಪೈಕಿ ಯೋಚಿಸಬಹುದಾದದ್ದು ಇದೊಂದೇ

ದೇವನಹಳ್ಳಿಯಲ್ಲಿ 2015ರಿಂದ ಮಲ ಸ್ಲಡ್ಜ್ ಶುದ್ಧೀಕರಣ ಘಟಕ ಇದೆ, ದಿನಕ್ಕೆ 6,000 ಲೀಟರ್ ಸಾಮರ್ಥ್ಯದ್ದು, ದೇಶದಲ್ಲಿ ಇಂಥದ್ದರಲ್ಲಿ ಮೊದಲನೆಯದು. ಊರಿನ ಪಿಟ್ಟುಗಳಿಂದ ಗಾಡಿ ತಂದದ್ದನ್ನು ಕೊಳೆಸಿ, ಒಣಹಾಸಿನ ಮೇಲೆ ಹರಡಿ ಒಣಗಿಸಿ, ಪಟ್ಟಣದ ಹಸಿ ಕಸದ ಜೊತೆ ಸೇರಿಸಿ ಕಾಂಪೋಸ್ಟ್ ಮಾಡುವ ಪದ್ಧತಿ ಅಲ್ಲಿಯದು. ಇದಕ್ಕೇ ಕೋ-ಕಾಂಪೋಸ್ಟ್ ಅನ್ನುವುದು.

ಈ ಪದ್ಧತಿಯ ಜೀವಾಳ ರಾಶಿಯ ಬಿಸಿ. ಸಾಲು ರಾಶಿ ಹಾಕಿದಾಗ 55 ಡಿಗ್ರಿ ಬಿಸಿ 15 ದಿನ ನಿಲ್ಲಬೇಕು, ಆ ಅವಧಿಯಲ್ಲಿ ಐದು ಸಲವಾದರೂ ಮಗುಚಬೇಕು. ಮಗುಚದಿದ್ದರೆ ಹೊರಗಿನ ತಣ್ಣನೆ ಪದರದಲ್ಲಿ ಮೊಟ್ಟೆಗಳು ಹಾಯಾಗಿ ಉಳಿದುಬಿಡುತ್ತವೆ. ಆಮೇಲೆ ಮಾಗಲು ಇನ್ನೊಂದೆರಡು ತಿಂಗಳು.

ಇಂಥ ಕಾಂಪೋಸ್ಟ್ ಸಿಕ್ಕರೆ ಲ್ಯಾಬ್ ರಿಪೋರ್ಟ್ ಕೇಳಿ. ನಮ್ಮ 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಸಿಟಿ ಕಾಂಪೋಸ್ಟಿಗೆ (ಊರಿನ ಕಸದಿಂದ ಮಾಡಿದ್ದು) ಇಟ್ಟ ಮಿತಿ ಕೆಜಿಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100, ನಿಕ್ಕಲ್ 50, ಕ್ರೋಮಿಯಂ 50. ಅಮೆರಿಕದಲ್ಲಿ ಉತ್ತಮ ದರ್ಜೆಯ ಸ್ಲಡ್ಜಿಗೂ ಕ್ಯಾಡ್ಮಿಯಂ 39, ಸೀಸ 300ರ ತನಕ ಬಿಡುತ್ತಾರೆ. ಹಾಗಾಗಿ ಯಾರಾದರೂ "ಅಮೆರಿಕದ ಸ್ಟ್ಯಾಂಡರ್ಡ್ ಪಾಸಾಗಿದೆ" ಅಂದರೆ ಖುಷಿಪಡಬೇಡಿ, ನಮ್ಮ ಮಿತಿ ಕೇಳಿ.

ರಿಪೋರ್ಟ್ ಚೆನ್ನಾಗಿದ್ದರೂ ನೇರ ಸೊಪ್ಪಿಗೆ ಹಾಕುವ ಬದಲು ಒಂದು ಸುತ್ತು ಬಳಸಿ ಬನ್ನಿ. ಮೊದಲು ಮುಸುಕಿನ ಜೋಳ, ರಾಗಿ, ಇಲ್ಲವೇ ಚೆಂಡು ಹೂವು, ಸೇವಂತಿಗೆಗೆ ಹಾಕಿ. ಆ ಬೆಳೆ ಮುಗಿದ ಮೇಲೆ ಅದೇ ಜಮೀನಿನಲ್ಲಿ ಸೊಪ್ಪು ಬಿತ್ತಿ. ಉಳಿದ ಸತ್ವ ಸೊಪ್ಪಿಗೆ ಸಿಗುತ್ತದೆ, ನಡುವೆ ಮೂರು ನಾಲ್ಕು ತಿಂಗಳೂ ಸಿಗುತ್ತದೆ. ಸೊಪ್ಪು ಎದ್ದ ಮೇಲೆ ಮೇಲುಗೊಬ್ಬರವಾಗಿ ಎರಚುವುದು ಮಾತ್ರ ಯಾವತ್ತೂ ಬೇಡ.

ಕುರಿ, ಕೊಟ್ಟಿಗೆ, ಕೋಳಿ

ಸೊಪ್ಪಿಗೆ ನನ್ನ ಮೊದಲ ಆಯ್ಕೆ ಕುರಿ ಗೊಬ್ಬರ. ಪುಸ್ತಕದ ಲೆಕ್ಕದಲ್ಲಿ ಸಾರಜನಕ ಶೇ. 3, ರಂಜಕ 1, ಪೊಟ್ಯಾಷ್ 2. ಕೊಟ್ಟಿಗೆ ಗೊಬ್ಬರದ್ದು ಕ್ರಮವಾಗಿ ಶೇ. 0.5, 0.2, 0.5ರ ಆಸುಪಾಸು. ಹಾಗಾಗಿ ಕೊಟ್ಟಿಗೆ ಗೊಬ್ಬರದ ಲೋಡಿಗಿಂತ ಕುರಿ ಗೊಬ್ಬರದ ಲೋಡಿಗೆ ದುಪ್ಪಟ್ಟು ಕೊಟ್ಟರೂ ನಷ್ಟವಿಲ್ಲ. ಬೆಳೆ ಮುಗಿದು ಹೊಲ ಖಾಲಿ ಇದ್ದರೆ ಕುರಿ ಮಂದೆ ನಿಲ್ಲಿಸಿ, ಸಾಗಾಟದ ಖರ್ಚೇ ಇಲ್ಲ. ಗಂಜಲವೂ ಮಣ್ಣಿಗೆ ಸೇರುತ್ತದೆ. ತೊಂದರೆ ಅಂದರೆ ಕಳೆ ಬೀಜ, ಮತ್ತು ಮಂದೆ ನಿಮ್ಮ ಕಡೆ ಬರುವ ಕಾಲಕ್ಕೆ ಕಾಯಬೇಕು.

ಕೊಟ್ಟಿಗೆ ಗೊಬ್ಬರದಲ್ಲಿ ಸತ್ವ ಕಡಿಮೆ, ಆದರೆ ಮಣ್ಣನ್ನು ಹಗುರ ಮಾಡುವುದರಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಮಣ್ಣು ಗಟ್ಟಿಯಾಗಿ ಮೊಳಕೆ ಏಳದ ಜಾಗಕ್ಕೆ ಇದೇ ಸರಿ.

ಕೋಳಿ ಗೊಬ್ಬರ ಸಾರಜನಕ, ರಂಜಕ ಎರಡರಲ್ಲೂ ಗಟ್ಟಿ, ಬೆಲೆಯೂ ಕೈಗೆಟುಕುತ್ತದೆ. ಹಸಿಯಾಗಿ ಹಾಕಿದರೆ ಎಳೆ ಸಸಿ ಸುಟ್ಟುಹೋಗುತ್ತದೆ, ಸಾಲ್ಮೊನೆಲ್ಲಾ ಭಯವೂ ಇದೆ. ತಿಪ್ಪೆಯಲ್ಲಿ ಚೆನ್ನಾಗಿ ಕೊಳೆಸಿಯೇ ಹಾಕಬೇಕು.

ಪ್ರಾಣಿ ಗೊಬ್ಬರ ಅಂದಾಕ್ಷಣ ಪೂರ್ತಿ ಸುರಕ್ಷಿತ ಅಂತಲ್ಲ. ಹಸಿ ಸಗಣಿಯಲ್ಲೂ ಇ. ಕೋಲಿ ಇದೆ. ಅಮೆರಿಕದ ಸಾವಯವ ನಿಯಮದಲ್ಲಿ ಕೊಳೆಸದ ಪ್ರಾಣಿ ಗೊಬ್ಬರ ಹಾಕಿ, ಮಣ್ಣಿಗೆ ತಾಗುವ ಬೆಳೆಯನ್ನು ಕೊಯ್ಯಲು 120 ದಿನ ಕಾಯಬೇಕು. ಅದೇ ನಿಯಮದಲ್ಲಿ ಚರಂಡಿ ಸ್ಲಡ್ಜಿಗೆ ಜಾಗವೇ ಇಲ್ಲ. ನೀವು ಸಾವಯವ ಸರ್ಟಿಫಿಕೇಟ್ ಇಟ್ಟುಕೊಂಡಿದ್ದರೆ ಯಾವ ಸ್ಲಡ್ಜ್ ಗೊಬ್ಬರ ಮುಟ್ಟುವ ಮೊದಲೂ ಪ್ರಮಾಣೀಕರಿಸುವ ಸಂಸ್ಥೆಯನ್ನು ಲಿಖಿತವಾಗಿ ಕೇಳಿ.

ಸಿಟಿ ಕಾಂಪೋಸ್ಟ್, ಎರೆಗೊಬ್ಬರ, ಹಿಂಡಿ

ಸಿಟಿ ಕಾಂಪೋಸ್ಟ್ ಅಗ್ಗ. ಕಸ ವಿಂಗಡಣೆ ಚೆನ್ನಾಗಿದ್ದರೆ ಮಾಲೂ ಚೆನ್ನಾಗಿರುತ್ತದೆ, ಇಲ್ಲದಿದ್ದರೆ ಗಾಜಿನ ಚೂರು, ಪ್ಲಾಸ್ಟಿಕ್ ಸಿಗುತ್ತದೆ. ಸೊಪ್ಪನ್ನು ಬರಿಗೈಯಲ್ಲಿ ಕೀಳುವವರಿಗೆ ಗಾಜು ಸಣ್ಣ ವಿಷಯ ಅಲ್ಲ. ಎರೆಗೊಬ್ಬರ ಒಳ್ಳೆಯದು, ಎಕರೆಗಟ್ಟಲೆ ಹಾಕಲು ದುಬಾರಿ. ಬೇವಿನ ಹಿಂಡಿ, ಹೊಂಗೆ ಹಿಂಡಿಯನ್ನು ಮುಖ್ಯ ಗೊಬ್ಬರವಾಗಿ ನೋಡಬೇಡಿ, ಕುರಿ ಗೊಬ್ಬರದ ಜೊತೆ ಸ್ವಲ್ಪ ಸೇರಿಸಿದರೆ ಸಾಕು. ವರ್ಷಕ್ಕೊಮ್ಮೆ ಹಸಿರೆಲೆ ಗೊಬ್ಬರಕ್ಕಾಗಿ ಅಪ್ಸೆಣಬು ಬಿತ್ತಿ ಹೂ ಬರುವ ಹೊತ್ತಿಗೆ ಉಳುಮೆ ಮಾಡಿದರೆ, ಬೀಜದ ದುಡ್ಡಿಗೆ ಒಂದು ಸುತ್ತಿನ ಗೊಬ್ಬರ ಸಿಕ್ಕಿತು. ಒಂದೂವರೆ ಎರಡು ತಿಂಗಳು ಹೊಲ ಬಿಟ್ಟುಕೊಡಬೇಕು, ಅಷ್ಟೇ.

ಹಾಗಾದರೆ ಯಾರು ಏನು ಮಾಡಬಹುದು

ಅರ್ಧ ಎಕರೆ, ಒಂದು ಎಕರೆಯಲ್ಲಿ ವರ್ಷಪೂರ್ತಿ ಸೊಪ್ಪೇ ಬೆಳೆಯುವವರು ಸ್ಲಡ್ಜಿನ ಸಹವಾಸಕ್ಕೆ ಹೋಗಬೇಡಿ. ಕಾಯಲು ನಿಮಗೆ ಕಾಲವಿಲ್ಲ. ಕುರಿ ಗೊಬ್ಬರ, ಹಸಿರೆಲೆ ಗೊಬ್ಬರ, ಕೊರತೆ ಬಿದ್ದಷ್ಟಕ್ಕೆ ಮಣ್ಣು ಪರೀಕ್ಷೆ ನೋಡಿ ಯೂರಿಯಾ. ಯೂರಿಯಾ ಅಂದರೆ ಮುಖ ತಿರುಗಿಸುವವರು ಇದ್ದಾರೆ. ರಿಪೋರ್ಟ್ ಇಲ್ಲದ ಸ್ಲಡ್ಜಿಗಿಂತ ಹದವಾಗಿ ಹಾಕಿದ ಯೂರಿಯಾ ಸೊಪ್ಪು ತಿನ್ನುವವರಿಗೆ ವಾಸಿ ಅಂತಲೇ ನಾನು ಹೇಳುತ್ತೇನೆ.

ನಾಲ್ಕೈದು ಎಕರೆ ಇದ್ದು ತೆಂಗು, ಬಾಳೆ, ಜೋಳ, ಹೂವು, ಸೊಪ್ಪು ಎಲ್ಲ ಇಟ್ಟುಕೊಂಡವರಿಗೆ ಸ್ಲಡ್ಜ್ ಉಪಯೋಗಕ್ಕೆ ಬರುತ್ತದೆ. ಮನೆ ಮೂಲದ ಸ್ಲಡ್ಜನ್ನು ಚೆನ್ನಾಗಿ ಕಾಂಪೋಸ್ಟ್ ಮಾಡಿ ಮರಗಳಿಗೆ, ಹೂವಿಗೆ ಹಾಕಿ. ಉಳಿತಾಯವಾದ ಕುರಿ, ಕೊಟ್ಟಿಗೆ ಗೊಬ್ಬರವನ್ನು ಸೊಪ್ಪಿನ ಮಡಿಗೆ ಇಡಿ. ಒಂದೇ ಜಾಗಕ್ಕೆ ಪದೇ ಪದೇ ಹಾಕದೆ ಸುತ್ತು ಹಾಕಿಸಿ, ಎಲ್ಲಿಗೆ ಯಾವಾಗ ಎಷ್ಟು ಹಾಕಿದಿರಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಅಪಾರ್ಟ್‌ಮೆಂಟ್ ಕಮಿಟಿಯವರು ಸ್ಲಡ್ಜನ್ನು ಹಾಗೇ ರೈತರಿಗೆ ದಾಟಿಸಿ ಕೈ ತೊಳೆದುಕೊಳ್ಳಬೇಡಿ. ನಿಮ್ಮಲ್ಲೇ ಒಣ ಎಲೆ ರಾಶಿ ಬೀಳುತ್ತದಲ್ಲ, ಅದನ್ನು ಸೇರಿಸಿ ಬಿಸಿ ಏರುವಂತೆ ಕಾಂಪೋಸ್ಟ್ ಮಾಡಿಸಿ, ವರ್ಷಕ್ಕೊಮ್ಮೆಯಾದರೂ ಟೆಸ್ಟ್ ಮಾಡಿಸಿ ರಿಪೋರ್ಟ್ ಜೊತೆಗೇ ಕೊಡಿ. ಆ ಸೊಪ್ಪು ವಾಪಸ್ ಬರುವುದು ನಿಮ್ಮ ಅಡುಗೆಮನೆಗೇ.

ಟೆರೇಸಿನ ಮೇಲೆ ಹತ್ತಿಪ್ಪತ್ತು ಕುಂಡ ಇಟ್ಟವರಿಗೆ ಇದರ ಅಗತ್ಯವೇ ಇಲ್ಲ. ಅಡುಗೆಮನೆ ಕಸದ ಕಾಂಪೋಸ್ಟ್, ಒಂದು ಚೀಲ ಎರೆಗೊಬ್ಬರ ಸಾಕು.

ಕೊಂಡುಕೊಳ್ಳುವ ಮುಂಚೆ

ಯಾವ ಕಾಂಪೋಸ್ಟ್ ಆದರೂ ಮಾಗಿದೆಯಾ ಅಂತ ಮನೆಯಲ್ಲೇ ನೋಡಬಹುದು. ಒಂದು ಹಿಡಿ ತೇವ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಎರಡು ಮೂರು ದಿನ ನೆರಳಿನಲ್ಲಿಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ಸರಿ, ಕೊಳೆತ ನಾತ ಬಂದರೆ ಇನ್ನೂ ಮಾಗಬೇಕು. ಹಾಗೆಯೇ ಸಾಸಿವೆ ಕಾಳನ್ನು ಆ ಗೊಬ್ಬರ ಸೇರಿಸಿದ ಮಣ್ಣಿನಲ್ಲೂ ಬರೀ ಮಣ್ಣಿನಲ್ಲೂ ಬಿತ್ತಿ, ಮೊಳಕೆ ಹೋಲಿಸಿ.

ಈ ಪರೀಕ್ಷೆಯಿಂದ ಲೋಹ, ಜಂತುಹುಳುವಿನ ಮೊಟ್ಟೆ ಗೊತ್ತಾಗುವುದಿಲ್ಲ, ಅದಕ್ಕೆ ಲ್ಯಾಬೇ ಬೇಕು. ರಿಪೋರ್ಟಿನಲ್ಲಿ ಮೂರು ಸಂಗತಿ ನೋಡಿ: ತಾರೀಕು ಮತ್ತು ಅದು ನೀವು ಒಯ್ಯುತ್ತಿರುವ ರಾಶಿಯದ್ದೇನಾ, ಲೋಹಗಳ ಅಂಕಿ ಒಣ ತೂಕದ ಲೆಕ್ಕದಲ್ಲಿದೆಯಾ, ಇ. ಕೋಲಿ ಜೊತೆಗೆ ಜಂತುಹುಳುವಿನ ಮೊಟ್ಟೆಯನ್ನೂ ಎಣಿಸಿದ್ದಾರಾ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಣ ತೂಕದ ಒಂದು ಗ್ರಾಮಿಗೆ ಒಂದು ಮೊಟ್ಟೆಗಿಂತ ಕಡಿಮೆ ಇರಬೇಕು ಅಂತ. ನೀವೇ ಸ್ಯಾಂಪಲ್ ಕೊಡುವುದಾದರೆ ರಾಶಿಯ ಮೇಲಿನಿಂದ ಒಂದು ಹಿಡಿ ತೆಗೆದು ಕೊಡಬೇಡಿ. ಹತ್ತು ಕಡೆಯಿಂದ, ಮೇಲೆ, ನಡುವೆ, ಬುಡದಿಂದ ತೆಗೆದು, ಕಲಸಿ, ಅದರಲ್ಲಿ ಅರ್ಧ ಕೆಜಿ ಕೊಡಿ. ಅದರ ಜೊತೆಗೇ ನಿಮ್ಮ ಹೊಲದ ಮಣ್ಣಿನ ಒಂದು ಪೊಟ್ಟಣವನ್ನೂ ಪಿಎಚ್ ನೋಡಲು ಕಳಿಸಿ. 6.5ಕ್ಕಿಂತ ಕೆಳಗೆ ಬಂದರೆ ಗೊಬ್ಬರದ ವಿಚಾರ ಆಮೇಲೆ, ಮೊದಲು ಸುಣ್ಣ.